ದಾಳಿಂಬೆ ಕೆಂಪಿಗೆ ಇಟ್ಟಿಗೆ ಫಾಲ್

ನಾನು ಅಂಗಡಿಯಲ್ಲಿ ಇಲ್ಲದಿದ್ದದ್ದು ಎರಡೇ ದಿನ. ಅಷ್ಟರಲ್ಲಿ ಆರು ಸೀರೆಗಳು ವಾಪಸ್ ಬಂದಿದ್ದವು.

ಅಕ್ಕನ ಮಗಳ ತೊಟ್ಟಿಲ ಕಾರ್ಯಕ್ಕೆಂದು ಲಿಂಗಸುಗೂರಿಗೆ ಹೋಗಿದ್ದೆ. ಮೂರನೆಯ ದಿನ ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಇಳಿದು ಬಂದರೆ, ನಮ್ಮ ಮ್ಯಾಚಿಂಗ್ ಸೆಂಟರಿನ ಕೌಂಟರ್ ಮೇಲೆ ಒಂದು ದಾಳಿಂಬೆ ಕೆಂಪಿನ ರೇಷ್ಮೆ ಸೀರೆ ಹರವಿತ್ತು. ಅದರ ಅಂಚಿಗೆ ಹಚ್ಚಿದ ಫಾಲ್ ಮಾತ್ರ ಇಟ್ಟಿಗೆ ಬಣ್ಣದ್ದು. ಸೀರೆಯ ಒಡತಿ, ತೆಲುಗಿನವಳು, ನಿಮಗೆ ಕಣ್ಣಿದೆಯೋ ಇಲ್ಲವೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.

ಕೌಂಟರಿನ ಹಿಂದೆ ಭಾಗ್ಯಶ್ರೀ ತಲೆ ತಗ್ಗಿಸಿ ನಿಂತಿದ್ದಳು.

"ಏನಾಗೇತವ್ವಾ ನಿನಗ?" ಮಾಲೀಕ ಕಲ್ಯಾಣಪ್ಪನವರಿಗೆ ಗದರಿಸಲೂ ಮನಸ್ಸಾಗಲಿಲ್ಲ. "ಏಳು ವರ್ಷದಾಗ ಒಂದ ಸೀರಿ ವಾಪಸ್ ಬಂದಿದ್ದಿಲ್ಲ."

ಆಕೆಗೆ ಏನೋ ಆಗಿದೆ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ನಾನು ವಿಠಲ. ಅಂಗಡಿಯ ಬಾಗಿಲ ಪಕ್ಕ ಮಷಿನ್ ಹಾಕಿಕೊಂಡು ಸೀರೆಗಳಿಗೆ ಫಾಲ್ ಹಚ್ಚುವವನು. ಗಿರಾಕಿ ಸೀರೆ ತರುತ್ತಾಳೆ, ಭಾಗ್ಯಶ್ರೀ ಅದಕ್ಕೆ ಹೊಂದುವ ಫಾಲ್ ಆರಿಸುತ್ತಾಳೆ, ಎರಡೂ ನನ್ನ ಕೈಗೆ ಬರುತ್ತವೆ. ನಾನಿಲ್ಲದ ಎರಡು ದಿನ ಎದುರು ಗಲ್ಲಿಯ ಟೇಲರ್ ಕೊಟ್ಟದ್ದನ್ನು ಕೊಟ್ಟ ಹಾಗೆ ಹೊಲಿದಿದ್ದ. ಅವನ ತಪ್ಪೇನೂ ಇಲ್ಲ. ಹೊಲಿಯುವವನು ಮಾಡಬೇಕಾದದ್ದೇ ಅದು.

ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲವೆಂದು ಭಾಗ್ಯಶ್ರೀ ಸೀರೆ, ಫಾಲ್ ಎರಡನ್ನೂ ಹಿಡಿದು ಹೊಸ್ತಿಲಿಗೆ ಬರುತ್ತಿದ್ದಳು. ಹೊಸ್ತಿಲೆಂದರೆ ನನ್ನ ಮಷಿನ್ನಿನ ಮುಂದೆ. ಬಿಸಿಲಿಗೆ ಹಿಡಿದು, ತಲೆ ಓರೆ ಮಾಡಿ, ರೆಪ್ಪೆ ಅರ್ಧ ಇಳಿಸಿ ನೋಡಿ, ಆಮೇಲೆ ಅದೇ ನೋಟವನ್ನು ನನ್ನ ಕಡೆ ತಿರುಗಿಸುತ್ತಿದ್ದಳು.

"ಹೆಂಗೈತ್ರಿ?"

"ಭಾಳ ಛಲೋ ಐತ್ರಿ."

"ಬಟ್ಟಿ ನೋಡಿ ಹೇಳ್ರಿ. ನನ್ನ ಮಾರಿ ನೋಡಿ ಅಲ್ಲ."

ದಿನಕ್ಕೆ ಹತ್ತು ಸಲ ಇದೇ ಮಾತು. ನನಗೆ ಅಷ್ಟು ಸಾಕಾಗಿತ್ತು. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ನನ್ನಲ್ಲಿ ಇರಲೂ ಇಲ್ಲ.

ಹೋದ ಶ್ರಾವಣದಲ್ಲಿ ಆಕೆ ಮೊದಲ ಸಲ ತಪ್ಪು ಫಾಲ್ ಕೊಟ್ಟಳು. ದಣಿದಿದ್ದಾಳೆ ಎಂದುಕೊಂಡೆ. ಆಕೆ ಊಟಕ್ಕೆ ಹೋದಾಗ ರ್‍ಯಾಕಿನಿಂದ ಸರಿಯಾದದ್ದನ್ನು ತೆಗೆದು ಹಚ್ಚಿದೆ. ವಾರಕ್ಕೊಂದು ತಪ್ಪು ದಿನಕ್ಕೊಂದಾಯಿತು. ಎಲ್ಲವೂ ಕೆಂಪಿನಲ್ಲೇ. ಸಂಕ್ರಾಂತಿಯ ಹೊತ್ತಿಗೆ ಮಷಿನ್ನಿನ ಕೆಳಗೆ ಒಂದು ಬಿಸ್ಕಿಟ್ ಡಬ್ಬಿಯ ತುಂಬ ಕೆಂಪು ಫಾಲ್‌ಗಳನ್ನು ಇಟ್ಟುಕೊಂಡಿದ್ದೆ. ಆಕೆಯ ಹೆಸರು ಕೆಡದಂತೆ ಕಾಯುತ್ತಿದ್ದೇನೆ ಎಂದು ಒಳಗೊಳಗೇ ಹಿಗ್ಗುತ್ತಿದ್ದ ಪೆದ್ದ ನಾನು.

ಕಲ್ಯಾಣಪ್ಪನವರೇ ಆಕೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಆಕೆಯ ತಾಯಿ ಪಾರ್ವತೆಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಜೊತೆಗೆ ನಾನು ಹೋದೆ.

ಡಾಕ್ಟರು ಕಣ್ಣಿಗೆ ಹಾಕುವ ಔಷಧಿ ಬಾಟಲಿಯ ಮುಚ್ಚಳವನ್ನು ಆಕೆಯ ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿ ಬಣ್ಣ ಕೇಳಿದರು.

ಎಡಗಣ್ಣಿನಿಂದ ನೋಡಿ, "ಬೂದಿ" ಎಂದಳು. ಬಲಗಣ್ಣಿನಿಂದ ನೋಡಿ, "ಇಟ್ಟಿಗಿ ಬಣ್ಣ ಏನೋ" ಎಂದಳು.

ಮುಚ್ಚಳ ಕುಂಕುಮದಷ್ಟು ಕೆಂಪಗಿತ್ತು.

ಸ್ಕ್ಯಾನ್ ಆಯಿತು. ಗಚ್ಚಿಬೌಲಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಮೆದುಳಿನ ಕೆಳಗೆ, ಎರಡೂ ಕಣ್ಣಿನ ನರಗಳು ಕೂಡುವ ಜಾಗದಲ್ಲಿ ಗಡ್ಡೆ. ಕ್ಯಾನ್ಸರ್ ಅಲ್ಲ ಎಂದಾಗ ಪಾರ್ವತೆಮ್ಮ ಕೈಯೆತ್ತಿ ಮುಗಿದರು. ಆದರೆ ಡಾಕ್ಟರ ಮುಖದಲ್ಲಿ ನಗೆ ಇರಲಿಲ್ಲ. ಎಡಗಣ್ಣಿನ ನರ ಒತ್ತಡಕ್ಕೆ ಒಣಗಿಹೋಗಿದೆ, ಬಲಗಣ್ಣಿನದು ನಲುಗುತ್ತಿದೆ ಎಂದರು. ಯಾವಾಗಿನಿಂದ ಬಣ್ಣ ತಪ್ಪುತ್ತಿದೆ ಎಂದು ಕೇಳಿದರು.

"ಹದಿನೈದ ದಿನ ಆತ್ರಿ. ಅದಕ್ಕೂ ಮೊದಲ ನಾ ಒಂದೂ ತಪ್ಪ ಮಾಡಿಲ್ಲ," ಎಂದಳು ಭಾಗ್ಯಶ್ರೀ. ಅಂಗಡಿಯ ತೆಲುಗು ಬಿಟ್ಟರೆ ಆಕೆಗೆ ಹಿಂದಿ ಬಾರದು; ಡಾಕ್ಟರಿಗೆ ನಾನು ಅದನ್ನು ಹಿಂದಿಯಲ್ಲಿ ಹೇಳಿದೆ.

ಡಾಕ್ಟರು ನಂಬಲಿಲ್ಲ. ಹದಿನೈದು ದಿನದಲ್ಲಿ ನರ ಹೀಗೆ ಒಣಗುವುದಿಲ್ಲ, ನೆನಪು ಮಾಡಿಕೊಂಡು ಹೇಳಿ ಎಂದರು. ಆಕೆ ಇಲ್ಲ, ಇಲ್ಲ ಎಂದು ತಲೆಯಾಡಿಸಿದಳು.

"ಎಂಟು ತಿಂಗಳಾತು," ಎಂದೆ.

ಆಕೆ ನನ್ನ ಕಡೆ ತಿರುಗಿದಳು. "ನಿಮಗ ಹೆಂಗ ಗೊತ್ತು?"

ಡಬ್ಬಿಯ ವಿಷಯ ಹೇಳಿದೆ. ಎಲ್ಲವನ್ನೂ ಹೇಳಿದೆ.

ಹೊರಗೆ ಬಂದ ಮೇಲೆ, ಲಿಫ್ಟಿನ ಮುಂದೆ ನಿಂತು ಆಕೆ ಅಂದಳು, "ನನ್ನ ಕಣ್ಣು ನೀ ಕಳದಿ."

ಏಳು ವರ್ಷದಲ್ಲಿ ಆಕೆ ನನ್ನನ್ನು ಮೊದಲ ಬಾರಿ 'ನೀ' ಎಂದದ್ದು ಆಗ. ಹಾಗೆ ಅನ್ನಿಸಿಕೊಳ್ಳಲು ನಾನು ಎಷ್ಟು ಆಸೆಪಟ್ಟಿದ್ದೆನೋ.

"ನಿಮ್ಮ ಮ್ಯಾಲ ಮನಸೈತ್ರಿ. ನಿಮಗ ಯಾರೂ ಒಂದ ಮಾತ ಅನ್ನಬಾರದಂತ..."

"ಮನಸು ನಿನ್ನ ಹತ್ರ ಇಟ್ಕೋ. 'ತಪ್ಪೈತಿ' ಅಂತ ಒಂದ ಸಲ ಅಂದಿದ್ರ ಸಾಕಾಗಿತ್ತು."

ನನ್ನ ಪ್ರೇಮ ನಿವೇದನೆ ಹೀಗೆ ಆಯಿತು.

ಮೊದಲು ಆಪರೇಷನ್. ಗಡ್ಡೆಯ ಹೆಚ್ಚಿನ ಭಾಗವನ್ನು ತೆಗೆದರು. ಬಲಗಣ್ಣಿನ ನರಕ್ಕೆ ಅಂಟಿದ ಒಂದು ಚೂರನ್ನು ಮುಟ್ಟಿದರೆ ಆ ಕಣ್ಣೂ ಹೋಗುತ್ತಿತ್ತು, ಬಿಟ್ಟರು. ಅದಕ್ಕೆ ಕಿರಣಗಳ ಚಿಕಿತ್ಸೆ. ಆ ಚೂರು ನರದಿಂದ ಮೂರು ಮಿಲಿಮೀಟರ್ ದೂರವಿದ್ದಿದ್ದರೆ ಒಂದೇ ದಿನದಲ್ಲಿ ಮುಗಿಸಬಹುದಿತ್ತಂತೆ. ಈಗ ನರ ತಡೆದುಕೊಳ್ಳುವಷ್ಟು ಸ್ವಲ್ಪ ಸ್ವಲ್ಪವೇ, ಐದು ದಿನ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ನೋಡೋಣ ಎಂದರು ಡಾಕ್ಟರು.

ಐದೂ ದಿನ ಮಿಯಾಪುರದ ಆಕೆಯ ಮನೆಯಿಂದ ಕ್ಯಾಬಿನಲ್ಲಿ ಕರೆದೊಯ್ದೆ. ಪಾರ್ವತೆಮ್ಮ ಕರೆದಿದ್ದರು, ಆಕೆಯಲ್ಲ. ನಾನು ಮುಂದಿನ ಸೀಟು, ತಾಯಿ ಮಗಳು ಹಿಂದೆ. ಆಪರೇಷನ್ನಿಗೆಂದು ಭಾಗ್ಯಶ್ರೀಯ ತಲೆ ಬೋಳಿಸಿದ ಕಡೆ ಗಿಡ್ಡ ಕೂದಲು ಬಂದಿತ್ತು. ಸೆರಗು ಹೊದ್ದುಕೊಂಡು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು.

ಚಿಕಿತ್ಸೆಯ ಕೋಣೆಯೊಳಗೆ ಆಕೆಯ ಮುಖದ ಅಳತೆಗೇ ಮಾಡಿದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖಕ್ಕೆ ಬಿಗಿದು, ಅಲುಗಾಡದಂತೆ ಮೇಜಿಗೆ ಸಿಕ್ಕಿಸುತ್ತಿದ್ದರು. ಹೊರಗೆ ಬಂದಾಗ ಕೆನ್ನೆ, ಹಣೆ ತುಂಬ ಚೌಕ ಚೌಕ ಗುರುತು. ಅವು ಮಾಸುವವರೆಗೆ ಬೆಂಚಿನ ಮೇಲೆ ಕೂರುತ್ತಿದ್ದಳು. ನಾನು ಎರಡು ಬೆಂಚು ಆಚೆ.

ನಾಲ್ಕನೆಯ ದಿನ ಅಲ್ಲಿಂದಲೇ ಮಾತಾಡಿದಳು.

"ಎಷ್ಟ ಫಾಲ್ ಬದಲಿಸಿದಿ?"

"ಎಣಿಸಿಲ್ರಿ."

"ಒಳಗ ಮಲಗಿದಾಗ ನಾ ಮ್ಯಾಚ್ ಮಾಡಿದ್ದ ಒಂದೊಂದ ಸೀರಿ ನೆನಸ್ತೀನಿ. ಯಾವ್ಯಾವು ನನ್ನವು, ಯಾವ್ಯಾವು ನಿನ್ನವು ಅಂತ ಗೊತ್ತಾಗವಲ್ದು. ಕಣ್ಣು ಹೋದರ ಹೋಗ್ಲಿ, ಎಂಟ ತಿಂಗಳ ನನ್ನ ಕೆಲಸಾನೂ ಸುಳ್ಳ ಮಾಡಿದೆಲ್ಲ."

ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಅಳುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಆಕೆಯೂ ನೋಡಲಿಲ್ಲ.

ಆರು ತಿಂಗಳ ನಂತರದ ಸ್ಕ್ಯಾನಿಗೆ ತಾಯಿ ಮಗಳು ಇಬ್ಬರೇ ಹೋದರು. ಗಡ್ಡೆ ಬೆಳೆದಿಲ್ಲ, ಬಲಗಣ್ಣು ಇದ್ದ ಹಾಗೇ ಇದೆ ಎಂದು ಪಾರ್ವತೆಮ್ಮ ಫೋನಿನಲ್ಲಿ ಹೇಳಿದರು. ಎಡಗಣ್ಣಿಗೆ ಕತ್ತಲೆಯೇ. ಬಲಗಣ್ಣಿಗೆ ಮುಖ ಕಾಣುತ್ತದೆ, ರಸ್ತೆ ಕಾಣುತ್ತದೆ, ಕೆಂಪು ಕಾಣುವುದಿಲ್ಲ.

ಅದೇ ದಿನ ಮಧ್ಯಾಹ್ನ ಭಾಗ್ಯಶ್ರೀ ಅಂಗಡಿಗೆ ಬಂದಳು. ಕೌಂಟರಿನಲ್ಲಿ ಈಗ ಬೇರೆ ಹುಡುಗಿ. ಅವಳನ್ನು ಸರಿಸಿ, ಚೀಲದಿಂದ ತಾಯಿಯ ಹಳೆಯ ರೇಷ್ಮೆ ಸೀರೆ ತೆಗೆದು, ರ್‍ಯಾಕಿನಲ್ಲಿ ಕೈಯಾಡಿಸಿ ಒಂದು ಫಾಲ್ ಆರಿಸಿದಳು. ಎರಡನ್ನೂ ಹಿಡಿದು ಹೊಸ್ತಿಲಿಗೆ ಬಂದಳು. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಣ್ಣಿನಿಂದ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹೆಂಗೈತಿ?"

'ಛಲೋ ಐತಿ' ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಲು ಹೊತ್ತು ಹಿಡಿಯಿತು.

"ಹೊಂದಂಗಿಲ್ಲ," ಎಂದೆ. "ಸೀರಿ ದಾಳಿಂಬಿ ಕೆಂಪು. ಫಾಲ್ ಇಟ್ಟಿಗಿ."

"ಭಾಳ ಫರಕ್ ಐತೇನು?"

"ಭಾಳ ಐತಿ."

ಆಕೆಯ ಎರಡೂ ಕಣ್ಣು ತುಂಬಿದವು. ಕಾಣದ ಕಣ್ಣಿನಿಂದಲೂ ನೀರು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಹೋದ ವರ್ಷ ಶ್ರಾವಣದಾಗ ಇಷ್ಟ ಅಂದಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಸ್ಟೂಲ್ ಎಳೆದುಕೊಂಡು ಮಷಿನ್ನಿನ ಪಕ್ಕ ಕೂತಳು. "ಡಬ್ಬಿ ತಗಿ. ದಾಳಿಂಬಿ ಕೆಂಪು ಕೊಡು."

ತೆಗೆದು ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಆಕೆಗೆ ಅದಕ್ಕೂ ಮೊದಲಿನದಕ್ಕೂ ವ್ಯತ್ಯಾಸವಿರಲಿಲ್ಲ.

"ಖರೇ ಇದ ಏನು?"

"ಖರೇ."

"ಹಚ್ಚು. ಲಗ್ನಕ್ಕ ಉಡಬೇಕು."

ನನ್ನ ಕೈ ನಿಂತಿತು.

"ಯಾರ ಲಗ್ನ ಅಂತ ಬಾಯಿ ತಕ್ಕೊಂಡು ನೋಡಬ್ಯಾಡ, ನಮ್ಮದ. ಮಷಿನ್ ನೋಡು, ಬೆರಳ ಹೊಲಕೊಂಡೀ," ಎಂದಳು. ಆಮೇಲೆ, "ಮಾಫ್ ಮಾಡೀನಿ ಅನ್ಕೋಬ್ಯಾಡ," ಎಂದಳು.

"ಗೊತ್ತೈತಿ."

ಸೀರೆಯ ಅಂಚನ್ನು ಆಚೆ ಕಡೆಯಿಂದ ಆಕೆಯೇ ಹಿಡಿದುಕೊಂಡಳು. ನಾನು ಸೂಜಿಗೆ ದಾರ ಪೋಣಿಸಿದೆ.

"ದಾರ ಯಾವ ಬಣ್ಣದ್ದು?" ಎಂದು ಕೇಳಿದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.