ಬೇವಿನ ಮರದಡಿಯ ಮೂಸಾಟ

ಮಾವ ತಿಪ್ಪೇಶಪ್ಪನವರು ತೀರಿಕೊಂಡ ಮೇಲೆ ಅವರ ನಾಯಿ ಕರಿಯನನ್ನು ಬೆಳಗ್ಗೆ ತಿರುಗಾಡಿಸುವವಳು ನಾನೇ. ಹೆಜ್ಜೆಗೊಮ್ಮೆ ನಿಂತು ಮೂಸುತ್ತಿದ್ದ. ರೊಟ್ಟಿ ಚೂರು ತೋರಿಸಿ "ಸಾಕು ಬಾರೋ" ಅಂದರೆ ಬರುವಷ್ಟು ಕಲಿಸಿದ್ದೆ. ಜಗಳೂರಿನ ನಮ್ಮ ಕುರಿಹಟ್ಟಿಯಲ್ಲಿ ಮಾವ ಕಂಬಳಿ ಹೊದ್ದು ಕೂರುತ್ತಿದ್ದ ಬೇವಿನ ಮರದಡಿ ಮಾತ್ರ ಕೇಳುತ್ತಿರಲಿಲ್ಲ.

ಆವತ್ತು ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಮರದಡಿ ಮಾತ್ರ ನೆಲ ತಣ್ಣಗಿತ್ತು, ನೆನೆದ ಕಂಬಳಿಯ ವಾಸನೆ ಬರುತ್ತಿತ್ತು. ಕರಿಯ ಮೂಸಿ ಮೂಸಿ ಕುಳಿತುಬಿಟ್ಟ. ಯಾರೋ ಸವರಿದಂತೆ ಅವನ ತಲೆಯ ಕೂದಲು ತಗ್ಗಿ ಏಳುತ್ತಿತ್ತು. ರೊಟ್ಟಿಗೂ ಜಗ್ಗಲಿಲ್ಲ. ನಾನು ಬಾಯಿತಪ್ಪಿ, "ಮಾವಾರೆ, ಹೋಗಿ ಬರ್ತೀವ್ರಿ" ಅಂದೆ. ಕರಿಯ ಥಟ್ಟನೆ ಎದ್ದ.

ಮನೆಯಲ್ಲಿ ಗಂಡ ಮಾರುತಿ, ತಿಂಗಳಿಂದ ಮಾಯದಿದ್ದ ಕರಿಯನ ಕಿವಿಯ ಹುಣ್ಣು ನೋಡಿದ. ಬೇವು, ಅರಿಶಿನ ಹಸಿಹಸಿಯಾಗಿ ಮೆತ್ತಿತ್ತು.

"ಥೇಟ್ ಅಪ್ಪಂದೇ ಮದ್ದು ಐತಲ್ಲ! ಯಾವಾಗ ಅರೆದೆ?"

ಹುಣ್ಣು ವಾರದಲ್ಲಿ ಮಾಯಿತು. ಈಗ ಆ ಮರದಡಿ ನಾನೇ ಹಗ್ಗ ಸಡಿಲ ಬಿಡುತ್ತೇನೆ. ಮದ್ದು ಅರೆದವಳು ನಾನಲ್ಲ.