ಸೀಟಿ ಊದಿಸಿದವಳು

"ಕೈ ಬಿಡು!"

ವರ್ಕ್‌ಶಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಉಗಿಯಂತ್ರದ ಕವಾಟದತ್ತ ಚಾಚಿದ್ದ ಅವಳ ಕೈಯನ್ನು ಯಂತ್ರ ನಡೆಸುವ ತಂಡದ ನಾಯಕ ಗಟ್ಟಿಯಾಗಿ ಹಿಡಿದಿದ್ದ.

"ಮುಟ್ಟಬೇಡ," ಎಂದ. ಅಷ್ಟೇ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳ ಮೈಯೆಲ್ಲ ಉರಿದುಹೋಯಿತು.

ಆ ತಾಂತ್ರಿಕ ವಿಶ್ವವಿದ್ಯಾಲಯದ ಮೊಟ್ಟಮೊದಲ ವಿದ್ಯಾರ್ಥಿಗಳು ಕೈಯಾರೆ ಕಟ್ಟಿದ ಯಂತ್ರವದು. ಪ್ರತಿವರ್ಷ ಸ್ಥಾಪನಾ ದಿನ ಕೊನೆಯ ವರ್ಷದವರು ಅದಕ್ಕೆ ಬೆಂಕಿ ಹಾಕಿ ಸೀಟಿ ಊದಿಸುತ್ತಿದ್ದರು. ಹುಡುಗರು ಮಾತ್ರ! ಹುಡುಗಿಯರ ಪಾಲಿಗೆ ಚಪ್ಪಾಳೆ. ಇವತ್ತಿನ ತಾಲೀಮಿಗೆ ಅವಳು ಕರೆಯದೇ ಬಂದಿದ್ದಳು.

"ಸಂಪ್ರದಾಯ ಅಂತೆ! ಬಾಯ್ಲರ್‌ಗೆ ಗಂಡು ಹೆಣ್ಣು ಗೊತ್ತಾಗುತ್ತಾ?"

ಕಿಡಿಕಾರುತ್ತಲೇ ಹೋಗಿ ಡೀನ್ ಮುಂದೆ ನಿಂತಳು. ನಾಯಕನೂ ಹಿಂದೆಯೇ ಬಂದ.

"ಇಷ್ಟು ವರ್ಷ ನಡೆದು ಬಂದದ್ದಮ್ಮ..." ಡೀನ್ ರಾಗ ಎಳೆದರು.

"ಇಷ್ಟು ವರ್ಷ ತಪ್ಪು ನಡೆದಿದೆ ಸರ್. ಸ್ಥಾಪನಾ ದಿನ ನಾನು ಬರ್ತೀನಿ. ತಡೆಯೋರು ತಡೀಲಿ!"

ನಾಯಕ ತುಟಿ ಪಿಟಕ್ಕೆನ್ನಲಿಲ್ಲ. 'ಹೇಡಿ! ಇವನನ್ನಾ ನಾನು ಕದ್ದು ಕದ್ದು ನೋಡ್ತಿದ್ದದ್ದು? ಥೂ, ನನ್ನ ಕಣ್ಣಿಗಿಷ್ಟು...' ಬಾಗಿಲು ದಡಾರನೆ ಎಳೆದುಕೊಂಡು ಹೊರಟುಬಿಟ್ಟಳು.

ಸ್ಥಾಪನಾ ದಿನ ಜಗಳಕ್ಕೆ ಸಿದ್ಧಳಾಗಿಯೇ ಬಂದಳು. ತಡೆಯಲು ಯಾರೂ ಇರಲಿಲ್ಲ. ಯಂತ್ರದ ಬಳಿ ವರ್ಕ್‌ಶಾಪ್ ಮೇಷ್ಟ್ರು ಒಬ್ಬರೇ.

"ತಂಡ ಎಲ್ಲಿ ಸರ್?"

"ಅವಳಿಲ್ಲದ ತಂಡ ನನಗೂ ಬೇಡ ಅಂತ ನಾಯಕ ಆವತ್ತೇ, ನೀನು ಹೋದಮೇಲೆ, ಡೀನ್‌ಗೆ ಹೇಳಿ ಹೊರಟ. ಮಿಕ್ಕವರೂ ಅವನ ಹಿಂದೆ ಹೋದರು. ಈಗ ಡೀನ್‌ಗೆ ನೀನೇ ಗತಿ!"

"ಮತ್ತೆ... ನನ್ನ ಕೈ ಹಿಡಿದು ತಡೆದದ್ದು?"

"ಕವಾಟದಿಂದ ಬಿಸಿ ಉಗಿ ಸೋರ್ತಿತ್ತಮ್ಮ. ಮುಟ್ಟಿದ್ರೆ ಕೈ ಬೆಂದುಹೋಗ್ತಿತ್ತು."

ಅವಳು ಬಾಗಿಲಿಗೆ ಓಡಿದಳು. ಹೊರಗೆ ನೆರೆದ ಗುಂಪಿನ ಕೊನೆಯಲ್ಲಿ ಅವನು ನಿಂತಿದ್ದ.

"ಏ ನಾಯಕ! ತಂಡ ಕರ್ಕೊಂಡು ಒಳಗೆ ಬಾ. ಇಲ್ಲಾಂದ್ರೆ ನಾನೂ ಮುಟ್ಟಲ್ಲ!"

ತಂಡದವರೆಲ್ಲ ಬಂದರು, ಹಿಂದೆಯೇ ಡೀನ್ ಕೂಡ. ಬೆಂಕಿ ಹೊತ್ತಿತು, ಚಕ್ರ ತಿರುಗಿತು. ಅವಳು ಹಿಡಿಕೆ ಎಳೆದಳು. ಸೀಟಿಯ ಸದ್ದಿಗೆ ಕಿಟಕಿ ಗಾಜುಗಳು ನಡುಗಿದವು! ಹುಡುಗಿಯರ ಕೇಕೆ ಅದಕ್ಕಿಂತ ಜೋರಾಗಿತ್ತು.

"ನಿನ್ನನ್ನ ಹೇಡಿ ಅಂದ್ಕೊಂಡಿದ್ದೆ ಕಣೋ."

"ಹೇಡಿನೇ. ನಿನಗೆ ಹೇಳಬೇಕಾದ ಮಾತು ಇವತ್ತಿನವರೆಗೂ ಹೇಳೋಕಾಗಿಲ್ಲ..."

"ಈಗ ಹೇಳು."

"ಎಲ್ಲರೂ ನೋಡ್ತಿದ್ದಾರೆ..."

"ನೋಡ್ಲಿ!"

ಅವನು ಉಸಿರೆಳೆದುಕೊಂಡ. "ನೀನಂದ್ರೆ ನಂಗೆ ತುಂಬಾ ಇಷ್ಟ!"

ಡೀನ್ ಕೆಮ್ಮಿದರು. ಅವಳ ಕೆನ್ನೆ ಕೆಂಪಾಯಿತು... ಬೆಂಕಿಯ ಝಳ ಮಾತ್ರ ಕಾರಣವಲ್ಲ.

"ನಂಗೂ ನೀನೇ ಇಷ್ಟ," ಎಂದಳು. "ಈಗ ಕಲ್ಲಿದ್ದಲು ಹಾಕು, ಒತ್ತಡ ಇಳೀತಿದೆ."