ಮೂಗಿನ ಸವತಿ

ಗೇಟು ಅರ್ಧ ಇಳಿದಿತ್ತು.

ಸುದೀಪನ ಬೈಕು ಅದರಡಿ ನುಸುಳಿತು. ರೈಲು ಕೂಗಿತು... ಬಹಳ ಹತ್ತಿರದಲ್ಲಿ!

"ಲೇ, ಸಾಯ್ಬೇಕು ಅಂತಿದೀಯೇನೋ!" ಗೇಟ್‌ಮನ್ ಕಿರುಚಿದ.

ನಾನು ತಲೆ ಬಗ್ಗಿಸಿ ಬುಲೆಟ್ ನುಗ್ಗಿಸಿದೆ. ಗೇಟಿನ ಕಬ್ಬಿಣ ಬೆನ್ನು ಸವರಿತು. ಹಳಿಯ ಮೇಲೆ ಹಿಂದಿನ ಚಕ್ರ ಜಾರಿತು. ಆಚೆ ದಾಟಿದ ಮರುಕ್ಷಣ ಗೂಡ್ಸ್ ರೈಲು ಧಡಧಡ ಹಾದುಹೋಯಿತು.

ಐವತ್ತೆರಡನೇ ವಯಸ್ಸಿಗೆ ಇದು ಬೇಕಿತ್ತಾ ಅನ್ನುತ್ತೀರಾ? ಬೇಕಿತ್ತು. ಆ ಹುಡುಗನನ್ನು ನಾನೇ ಹಿಡಿಯಬೇಕಿತ್ತು.

ನನ್ನ ಹೆಸರು ಭೈರೇಶ್. ಊರು ಬೀರೂರು. ಕಡೂರು, ತರೀಕೆರೆ, ಅಜ್ಜಂಪುರದ ವ್ಯಾಪಾರಿಗಳ ಲೋಡು ಕಳುವಾದರೆ, ಮಾಲು ಕಲಬೆರಕೆಯಾದರೆ ನನಗೆ ಫೋನು. ಪೊಲೀಸರು ನಾಯಿ ತರುತ್ತಾರೆ. ಇವರು ನನ್ನನ್ನು ಕರೆಯುತ್ತಾರೆ.

ನನ್ನ ಬಂಡವಾಳ ಒಂದೇ... ಮೂಗು!

ಅಜ್ಜಂಪುರದಲ್ಲಿ ಸೌಮ್ಯಳ ಕೊಬ್ಬರಿ ಗೋದಾಮಿದೆ. ಎರಡು ಕೋಣೆ. ಹುಳ ಸಾಯಿಸಲು ಒಳಗೆ ಮಾತ್ರೆ ಇಟ್ಟು ವಾರಗಟ್ಟಲೆ ಸೀಲ್ ಮಾಡುತ್ತಾರೆ. ಮಾತ್ರೆಯಿಂದ ಹೊರಡುವುದು ವಿಷದ ಗ್ಯಾಸು. ಆಮೇಲೆ ಬಾಗಿಲು ತೆಗೆದು, ಗಾಳಿಯಾಡಿಸಿ, ಯಾರಾದರೂ ಮೂಸಿ ನೋಡಬೇಕು. ಬೆಳ್ಳುಳ್ಳಿ ಕೊಳೆತ ವಾಸನೆ ಒಂದೆಳೆ ಇದ್ದರೂ ಒಳಗೆ ಕಾಲಿಡುವಂತಿಲ್ಲ. ಅವಳ ಅಪ್ಪನ ಕಾಲದಿಂದ, ಹದಿನೆಂಟು ವರ್ಷ, ಮೂಸಿದವನು ನಾನು. ನನಗೆ ನೆಗಡಿಯಾದರೆ ಗೋದಾಮಿಗೆ ರಜೆ!

ಆಗ ಬಂದ ಸುದೀಪ. ಇಂಜಿನಿಯರ್. ತರೀಕೆರೆಯ ಅಬ್ದುಲ್ ಗಫೂರ್ ಸಾಹೇಬರ ಪ್ರೆಸ್ಸಿನಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಅದೇ ಸ್ಕ್ರೀನಿನಲ್ಲಿ, ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಕಪ್ಪು ಇಂಕಿನ ಗೆರೆ ಹಾಕುತ್ತಿದ್ದ. ಬೆರಳುದ್ದದ ಪಟ್ಟಿ. ಹೇಗೆ ಬೇಕಾದರೂ ಬಾಗುತ್ತದೆ. ಬಾಗಿಲ ಒಳಚೌಕಟ್ಟಿಗೆ ಅದನ್ನು ಅಂಟಿಸಿ, ಹೊರಗೆ ಒಂದು ಲೈಟು ಇಟ್ಟ. ಕೋಣೆ ತೆಗೆದ ದಿನ ಮಾತ್ರ ಅದರ ಸ್ವಿಚ್ ಹಾಕುವುದು. ಗೆರೆಗೆ ಗ್ಯಾಸು ತಾಗಿದರೆ ಕೆಂಪು. ಇಲ್ಲದಿದ್ದರೆ ಹಸಿರು.

"ಮೂಗಿಗೆ ಗೊತ್ತಾಗೋಷ್ಟೊತ್ತಿಗೆ ತಡ ಆಗಿರತ್ತೆ ಸಾರ್," ಅಂದಿದ್ದ. ನನ್ನೆದುರಿಗೇ!

ಅಲ್ಲಿಂದ ನನಗೆ ಫೋನು ನಿಂತಿತು.

"ಏನ್ರೀ, ನಿಮ್ ಮೂಗಿಗೆ ಸವತಿ ಬಂದ್ಳಾ?" ಹೆಂಡತಿ ನಕ್ಕಳು.

ನಾನು ನಗಲಿಲ್ಲ. ಅನ್ನ ಸೇರಲಿಲ್ಲ.

ನಿನ್ನೆ ಮೊದಲ ಕೋಣೆ ತೆಗೆದರು. ಮೇಸ್ತ್ರಿ ಕಲ್ಲಪ್ಪ ಒಳಗೆ ಹೋದ. ಹತ್ತು ನಿಮಿಷಕ್ಕೆ ಕುಸಿದ. ಲೈಟು ಹಸಿರೇ ಇತ್ತು! ಕಡೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಸೌಮ್ಯ ಫೋನು ಮಾಡಿದಳು.

"ಯಾರೋ ಕೈವಾಡ ಮಾಡಿದಾರೆ ಭೈರಣ್ಣ. ಆ ಪಟ್ಟಿ ಸುದೀಪ ಬಿಚ್ಕೊಂಡೋದ. ಯಾರು ಅಂತ ನೀವೇ ಹುಡುಕ್ಬೇಕು."

"ಇನ್ನೊಂದು ಕೋಣೆ ಮೂಸೋಕೆ ಬರ್ಲಾ?"

"ಬೇಡಣ್ಣ. ಅಲ್ಲಿ ಪಟ್ಟಿ ಸರಿಯಾಗೇ ಇದೆ."

ಆ ಮಾತು ಚುಚ್ಚಿತು. ಆದರೂ ಒಳಗೊಳಗೆ ಖುಷಿ... ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಕಳ್ಳ ಸುದೀಪನೇ ಆಗಲಿ ಅಂತ ದೇವರಿಗೆ ಕೈಮುಗಿದೆ.

ಇವತ್ತು ಬೆಳಗ್ಗೆ ಪ್ರೆಸ್ಸಿಗೆ ಹೋದೆ. ನನ್ನನ್ನು ಕಂಡಿದ್ದೇ ತಡ, ಅವನು ಏನನ್ನೋ ಜೇಬಿಗೆ ತುರುಕಿ ಹಿಂಬಾಗಿಲಿಂದ ಓಡಿ ಬೈಕ್ ಹತ್ತಿದ. ತಪ್ಪು ಮಾಡದವನು ಓಡುತ್ತಾನಾ?

ಗೇಟು ದಾಟಿದ ಮೇಲೆ ಅಡ್ಡ ಹಾಕಿದೆ. ಬೈಕ್ ಸಮೇತ ಈರುಳ್ಳಿ ಹೊಲಕ್ಕೆ ಉರುಳಿದ. ಏಳುವಷ್ಟರಲ್ಲಿ ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿತ್ತು.

"ಬಿಡ್ರೀ! ಟೈಮಿಲ್ಲ!"

"ಎಲ್ಲಿಗೋ ಓಟ?"

"ಅಜ್ಜಂಪುರಕ್ಕೆ! ತಿಪಟೂರಿಗೆ ಲೋಡ್ ಕಳಿಸ್ಬೇಕು ಅಂತ ಸೌಮ್ಯಕ್ಕ ಹನ್ನೊಂದಕ್ಕೆ ಎರಡನೇ ಕೋಣೆಗೆ ಹೋಗ್ತಾರೆ. ಆ ಪಟ್ಟಿನೂ ಸತ್ತಿದೆ!"

"ಫೋನ್ ಮಾಡು."

"ಹತ್ತು ಸಲ ಮಾಡ್ದೆ. ಗೋದಾಮಿನೊಳಗೆ ಅವ್ರು ಫೋನ್ ಇಟ್ಕೊಳಲ್ಲ. ನಿಮಗ್ಗೊತ್ತಿಲ್ವಾ?"

"ಪಟ್ಟಿ ಸಾಯಿಸ್ದೋನು ಯಾರು? ಬೊಗಳು!"

"ನೀವು!"

ಕೆನ್ನೆಗೆ ಒಂದು ಬಿಟ್ಟೆ. ಅವನು ಅಲುಗಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ನನ್ನ ಮುಖಕ್ಕೆ ಹಿಡಿದ.

"ನಿನ್ನೆಯೆಲ್ಲ ವೈರು, ಬ್ಯಾಟರಿ ತಡಕಾಡ್ದೆ. ಬೆಳಗ್ಗೆ ಹೊಳೀತು. ದೊಡ್ ಮೂಗಲ್ವಾ ನಿಮ್ದು... ಮೂಸಿ!"

ಮೂಸಿದೆ.

ಅರಿಶಿನ. ಕುಂಕುಮ. ಗಂಧ. ಅದರಡಿ ಸಣ್ಣಗೆ... ಬುಲೆಟ್ ಚೈನಿನ ಗ್ರೀಸು.

ನನ್ನ ಬೆರಳು!

ಆಯುಧಪೂಜೆ ನೆನಪಾಯಿತು. ಮಾತ್ರೆ ಇಡುವ ಹಿಂದಿನ ದಿನ. ಸೌಮ್ಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟಿದ್ದಳು. "ಹೊಸ ಮೆಷಿನಿಗೆ ಹಳೇ ಮೆಷಿನ್ನೇ ಹಚ್ಲಿ!" ಆಳುಗಳೆಲ್ಲ ನಕ್ಕರು. ತಕ್ಕಡಿಗೆ ಒಂದು ಬೊಟ್ಟು ಇಟ್ಟೆ. ಏಣಿಗೆ ಒಂದು. ಲಾರಿಗೆ ಒಂದು. ಪಟ್ಟಿಗೆ ಮಾತ್ರ... ಇದರ ಮೂತಿ ಮುಚ್ಚಲಿ ಅಂತ ಹೆಬ್ಬೆರಳಲ್ಲಿ ಮೆತ್ತಿದೆ. ಎರಡಕ್ಕೂ! ಒಣಗಿ ಪದರ ಕಟ್ಟಿದ ಮೇಲೆ ಗೆರೆಗೆ ಗ್ಯಾಸು ತಾಗುವುದೆಲ್ಲಿಂದ? ಎಲ್ಲರೂ ನೋಡಿದ್ದರು. ಪೂಜೆಯ ಅರಿಶಿನವನ್ನು ಒರೆಸುವವರು ಯಾರು?

ಕೆಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೆಟ್ಟರೆ ಬೇಜಾರಂತೂ ಇರಲಿಲ್ಲ.

"ಸಾಕ್ಷಿ ಕಿತ್ಕೊಳೋಕೆ ಬಂದ್ರಿ ಅಂದ್ಕೊಂಡು ಓಡ್ದೆ," ಅಂದ ಸುದೀಪ. "ನೀವು ಮೆತ್ತಿದ ಫೋಟೋ ಗೋದಾಮಿನ ವಾಟ್ಸಾಪ್ ಗ್ರೂಪಲ್ಲಿದೆ."

ವಾಚು ನೋಡಿದೆ. ಹನ್ನೊಂದಕ್ಕೆ ಹತ್ತು.

"ಹತ್ತೋ ಹಿಂದೆ!"

ಕುರಿ ಮಂದೆ ಅಡ್ಡ ಬಂತು. ಹೊಲಕ್ಕಿಳಿಸಿದೆ. ಟ್ರ್ಯಾಕ್ಟರ್ ಬಂತು. ಕನ್ನಡಿ ಅದಕ್ಕೆ ಬಡಿದು ಹಾರಿಹೋಯಿತು. ಸುದೀಪ ನನ್ನ ಸೊಂಟ ಬಿಗಿಯಾಗಿ ಹಿಡಿದಿದ್ದ. ನನ್ನ ಕೈಬೆರಳು ಅವನ ಕೆನ್ನೆಯ ಮೇಲೆ ಮೂಡಿತ್ತು.

ಗೋದಾಮಿನ ಬಾಗಿಲು ತೆರೆದಿತ್ತು. ಆಳುಗಳು ಬೇವಿನ ನೆರಳಲ್ಲಿ ಎಲೆಅಡಿಕೆ ಹಾಕುತ್ತಿದ್ದರು.

"ಸೌಮ್ಯ ಎಲ್ಲಿ?"

"ಒಳಗೆ. ಕಲ್ಲಪ್ಪ ಇಲ್ವಲ್ಲ, ತಾವೇ ಚೀಲ ನೋಡೋಕೆ ಹೋದ್ರು."

"ಯಾಕ್ರೋ ಬಿಟ್ರಿ?"

"ಲೈಟು ಹಸಿರಿದೆಯಲ್ಲಣ್ಣ!"

ಹೊಸ್ತಿಲಲ್ಲೇ ಹೊಡೆಯಿತು... ಬೆಳ್ಳುಳ್ಳಿ!

ಉಸಿರು ಬಿಗಿಹಿಡಿದು ನುಗ್ಗಿದೆ. ಮೂರನೇ ಸಾಲಿನ ಚೀಲಕ್ಕೆ ಒರಗಿ ಕುಳಿತಿದ್ದಳು. ತಲೆ ವಾಲಿತ್ತು. ಕಂಕುಳಿಗೆ ಕೈ ಹಾಕಿ ಎಳೆದೆ. ಎದೆ ಸಿಡಿಯುತ್ತಿತ್ತು. ಇನ್ನು ಹತ್ತು ಹೆಜ್ಜೆ... ಐದು... ಬಿಸಿಲು!

ಹಿಂದೆ ಸುದೀಪ ಅಂಗಿಯ ತುದಿ ಒದ್ದೆ ಮಾಡಿಕೊಂಡು ಚೌಕಟ್ಟಿನ ಪಟ್ಟಿ ಒರೆಸಿದ. ಒಂದು ಸಲ. ಎರಡು ಸಲ.

ಲೈಟು ಕೆಂಪಗಾಯಿತು.

ಸೌಮ್ಯ ವಾಂತಿ ಮಾಡಿಕೊಂಡಳು. ಕಣ್ಣು ಬಿಟ್ಟಳು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ನನ್ನ ತೋಳು ಹಿಡಿದಳು.

"ಯಾರು ಅಂತ... ಸಿಕ್ಕಿದ್ನಾ ಭೈರಣ್ಣ?"

"ಸಿಕ್ಕಿದ ಕಣಮ್ಮ."

"ಯಾರು?"

ಸುದೀಪನನ್ನು ನೋಡಿದೆ. ಫೋಟೋ ಇದ್ದ ಫೋನು ಅವನ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ತೆಗೆದಿದ್ದರೆ ಅವನನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

"ನಾನೇ," ಅಂದೆ. ಹೆಬ್ಬೆರಳಿನ ಕಥೆ ಪೂರ್ತಿ ಹೇಳಿದೆ.

ಅವಳು ತೋಳು ಬಿಟ್ಟಳು.

ನಿನ್ನೆ, ಇವತ್ತು ಅಂತ ಹೇಳುತ್ತ ಬಂದೆ. ನನಗೆ ಅದು ಈಗಲೂ ಹಾಗೇ ಅನ್ನಿಸುತ್ತದೆ. ಆಗಿ ವರ್ಷವಾಯಿತು. ಸೌಮ್ಯ ಒಮ್ಮೆಯೂ ಫೋನು ಮಾಡಲಿಲ್ಲ. ಕಲ್ಲಪ್ಪ ಮಾತ್ರ ಸಂತೆಯಲ್ಲಿ ಸಿಕ್ಕಾಗ, "ಏನಪ್ಪಾ, ಇವತ್ ಯಾರಿಗೆ ಪೂಜೆ?" ಅನ್ನುತ್ತಿದ್ದ.

ಮೊನ್ನೆ ಆಯುಧಪೂಜೆಗೆ ಅವಳ ಗೋದಾಮಿನಿಂದ ಕರೆ ಬಂತು. ಹೋದೆ. ಪಟ್ಟಿಯ ಸುತ್ತ ತಂತಿಬಲೆ. ಪಕ್ಕದಲ್ಲಿ ಕಾವಲಿಗೆ ಸುದೀಪ. ಸೌಮ್ಯ ತಟ್ಟೆ ಹಿಡಿದು ನೇರ ನನ್ನ ಮುಂದೆ ಬಂದಳು.

"ಇನ್ಮೇಲೆ ಲೈಟು ಹಸಿರಾದ್ರೂ ನೀವು ಮೂಸ್ಬೇಕು. ನೀವು ಹೂಂ ಅಂದ್ರೂ ಲೈಟು ನೋಡ್ಬೇಕು. ಒಪ್ಗೆನಾ?"

"ಒಪ್ಗೆ ಕಣಮ್ಮ."

"ಹಂಗಾದ್ರೆ ಹಳೇ ಮೆಷಿನಿಗೆ ಮೊದಲ ಪೂಜೆ."

ಅರಿಶಿನ ತೆಗೆದು ನನ್ನ ಮೂಗಿಗೆ ಮೆತ್ತಿದಳು... ಹೆಬ್ಬೆರಳಲ್ಲಿ, ಎರಡೂ ಹೊಳ್ಳೆ ಮುಚ್ಚುವಷ್ಟು ದಪ್ಪಗೆ!